ಓಟಕ್ಕೆ ಮುನ್ನ ನುಡಿಯುವವರಿಗೆ ಒಂದು ಬಹಿರಂಗ ಪತ್ರ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಸೀಮೆಯ ಮೋಟಾರು ಓಟದ ಅಭಿಮಾನಿಗಳಾದ ತರುಣ ಮಿತ್ರರಿಗೆ,



ಕಬ್ಬಿನ ಹಂಗಾಮು ಇನ್ನೂ ಮುಗಿಯದಿರುವ, ಬಿಳಿಜೋಳದ ತೆನೆ ಬಲಿಯುತ್ತಿರುವ ಈ ದಿನಗಳಲ್ಲಿ, ಚಹದ ಅಂಗಡಿಯ ಬಾಕುಗಳ ಮೇಲೆಯೂ, ಸಕ್ಕರೆ ಕಾರ್ಖಾನೆಯ ದ್ವಾರದಲ್ಲಿ ಸರದಿ ಕಾಯುತ್ತ ನಿಂತ ಟ್ರ್ಯಾಕ್ಟರುಗಳ ನೆರಳಿನಲ್ಲಿಯೂ, ಬರುವ ಮಾರ್ಚಿಯಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಮೊದಲಾಗಲಿರುವ 2026ರ ಫಾರ್ಮುಲಾ ಒನ್ ಋತುವಿನ ಭವಿಷ್ಯವನ್ನು ಕುರಿತು ನೀವು ನಡೆಸುತ್ತಿರುವ ವಾದ ವಿವಾದಗಳು ನನ್ನ ಕಿವಿಗೂ ಬೀಳುತ್ತಿವೆ. ಅವು ನನಗೆ ಪ್ರಿಯವಾದ ವಾದಗಳು. ಸಹಸ್ರಾರು ಮೈಲಿಗಳಾಚೆ ಓಡಲಿರುವ ಬಂಡಿಯೊಂದರ ರೆಕ್ಕೆಯ ಬಾಗು, ಚಕ್ರದ ಸವೆತ, ಎಂಜಿನ್ನಿನ ಬಲಾಬಲಗಳನ್ನು ಎರೆಭೂಮಿಯ ನಮ್ಮ ಮಕ್ಕಳು ಇಷ್ಟೊಂದು ಶ್ರದ್ಧೆಯಿಂದ ವಿಚಾರಿಸುವುದನ್ನು ಕಂಡು ಸಂತೋಷಪಡದಿರುವುದು ನನ್ನಿಂದಾಗದು. ಆದರೂ ಈ ಪತ್ರವನ್ನು ಬರೆಯುವಂತೆ ನನ್ನನ್ನು ಪ್ರೇರಿಸಿದುದು ಆ ಸಂತೋಷವೊಂದೇ ಅಲ್ಲ. ಮೆಚ್ಚಿದ ತಂಡದ ಮಾತು ಬಂದಾಗ ಕಾರಣಗಳ ಮೇಲೆ ಕಾರಣಗಳನ್ನು ಪೋಣಿಸಬಲ್ಲ ನಿಮ್ಮ ನಾಲಗೆ, ಎದುರಾಳಿ ತಂಡದ ಹೆಸರು ಬಂದೊಡನೆ ಕಾರಣಗಳನ್ನೆಲ್ಲ ಕೈಬಿಟ್ಟು ಬೈಗುಳಕ್ಕಿಳಿಯುವುದನ್ನೂ ಕೇಳಿದ್ದೇನೆ. ಋತುವಿನ ಮುನ್ನ ನುಡಿಯುವ ಭವಿಷ್ಯದಲ್ಲಿ ನಿಜವಾಗಿ ಬೆಲೆಯುಳ್ಳ ಭಾಗವೆಂದರೆ ಎದುರಾಳಿಯ ಬಗೆಗೆ ನುಡಿಯುವ ಭಾಗವೇ ಎಂಬುದು ನನ್ನ ದೃಢವಾದ ನಂಬಿಕೆ. ತನ್ನವರ ಬಗೆಗೆ ನುಡಿಯುವಾಗ ಬಯಕೆಯೇ ಬಾಯಾಗಿರುತ್ತದೆ. ಎದುರಿನವರ ಬಗೆಗೆ ನುಡಿಯುವಾಗ ಮಾತ್ರ ಕಣ್ಣು ತೆರೆದಿದೆಯೋ ಇಲ್ಲವೋ ಎಂಬುದು ತಿಳಿದುಬರುತ್ತದೆ.

ಬರಲಿರುವುದನ್ನು ಮೊದಲೇ ಅರಿಯಬೇಕೆಂಬ ಹಂಬಲ ನಮ್ಮ ಸೀಮೆಗೆ ಹೊಸತಲ್ಲ. ನೆರೆಯ ವಿಜಯಪುರ ಜಿಲ್ಲೆಯ ಬಬಲಾದಿಯ ಸದಾಶಿವ ಮುತ್ಯಾನ ಕಾಲಜ್ಞಾನವನ್ನು ಕೇಳಲು ಜಾತ್ರೆಗೆ ನೆರೆಯುವ ಜನಸ್ತೋಮವನ್ನು ನೀವು ಕಂಡಿರುವಿರಿ. ಆದರೆ ಓಟಕ್ಕೂ ಭವಿಷ್ಯಕ್ಕೂ ನಮ್ಮಲ್ಲಿ ಅದಕ್ಕಿಂತಲೂ ಹತ್ತಿರದ ನಂಟೊಂದಿದೆ. ಜ್ಯೇಷ್ಠ ಮಾಸದ ಕಾರಹುಣ್ಣಿಮೆಯಂದು ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಝೂಲ ಹೊದಿಸಿ, ಇಳಿಹೊತ್ತಿನಲ್ಲಿ ಊರ ಅಗಸಿಯ ಕಡೆಗೆ ಓಡಿಸಿ, ಬೇವಿನ ತಪ್ಪಲನ್ನು ಕಟ್ಟಿದ ಹಗ್ಗವನ್ನು ಯಾವ ಎತ್ತು ಮೊದಲು ಹರಿಯುವುದೋ ಎಂದು ಊರಿಗೆ ಊರೇ ಕಾದು ನಿಲ್ಲುವ ಆ ಕರಿ ಹರಿಯುವ ಸಂಭ್ರಮವನ್ನು ಬಲ್ಲವರಿಗೆ ಇದು ತಿಳಿದ ಮಾತೇ ಆಗಿದೆ. ಕಂದೆತ್ತು ಮುಂದೆ ಬಂದು ಕರಿ ಹರಿದರೆ ಆ ವರ್ಷ ಮುಂಗಾರಿ ಬೆಳೆ ಹುಲುಸು, ಬಿಳಿಯೆತ್ತು ಮುಂದೆ ಬಂದರೆ ಹಿಂಗಾರಿ ಬೆಳೆ ಹುಲುಸು ಎಂದು ಅನೇಕ ಊರುಗಳಲ್ಲಿ ಹಿರಿಯರು ಹೇಳುತ್ತ ಬಂದಿದ್ದಾರೆ. ಓಟದ ಬಗೆಗೆ ಭವಿಷ್ಯ ನುಡಿಯುವುದು ಇಂದಿನ ನಿಮ್ಮ ರೂಢಿ. ಓಟವೇ ಭವಿಷ್ಯ ನುಡಿಯುವುದು ಅಂದಿನವರ ರೂಢಿ.

ಈ ಆಚರಣೆಯಲ್ಲಿ ನನ್ನ ಮನಸ್ಸನ್ನು ಬಹುವಾಗಿ ಸೆಳೆದ ಅಂಶವೊಂದುಂಟು. ಬಿಳಿಯೆತ್ತು ಗೆದ್ದಾಗ ಜೋಳ ಹುಲುಸಾಗುವುದು ಬಿಳಿಯೆತ್ತಿನ ಒಡೆಯನ ಹೊಲದಲ್ಲಿ ಮಾತ್ರವಲ್ಲ, ಸೋತ ಕಂದೆತ್ತಿನ ಒಡೆಯನ ಹೊಲದಲ್ಲಿಯೂ ಹೌದು. ತನ್ನ ಎತ್ತು ಹಿಂದುಳಿದುದಕ್ಕೆ ಆ ಒಡೆಯನು ಒಂದು ಗಳಿಗೆ ಮುಖ ಸಪ್ಪಗೆ ಮಾಡಿಕೊಂಡರೂ ಹಿಂಗಾರಿ ಬಿತ್ತನೆಯ ಆಸೆಯನ್ನು ಹೊತ್ತುಕೊಂಡೇ ಮನೆಗೆ ಮರಳುತ್ತಾನೆ. ಪ್ರತಿಸ್ಪರ್ಧಿಯ ಗೆಲುವಿನಲ್ಲಿಯೂ ತನಗೊಂದು ಪಾಲಿದೆಯೆಂಬ ಈ ಭಾವ ಆ ಪದ್ಧತಿಯನ್ನು ಕಟ್ಟಿದವರ ಬುದ್ಧಿಗೆ ಹೊಳೆದಿತ್ತೋ ಇಲ್ಲವೋ, ಅದರ ನಡಾವಳಿಯಲ್ಲಿಯಂತೂ ಅದು ಸೇರಿಕೊಂಡಿದೆ.

ಇನ್ನು ಶರ್ಯತ್ತಿನ ಮಾತು. ಎತ್ತಿನ ಗಾಡಿಯ ಶರ್ಯತ್ತಿಗೆ ಜೋಡಿ ಕಟ್ಟುವ ಮನೆತನಗಳು ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಇಂದಿಗೂ ಇವೆ. ಆ ಮನೆಗಳ ಹಿರಿಯರು ಜಾತ್ರೆಯ ಕಾಲ ಸಮೀಪಿಸುವ ಮೊದಲೇ ಪರವೂರಿನ ಜೋಡಿಗಳ ಸಮಾಚಾರವನ್ನು ಸಂಗ್ರಹಿಸುವ ಬಗೆಯನ್ನು ನೀವು ಕುಳಿತು ಕೇಳಬೇಕು. ಹಲ್ಲು ಎಷ್ಟು, ಸುಳಿ ಎಲ್ಲಿ, ಗೊರಸು ಹೇಗೆ, ಎದೆಯ ಹರವು ಎಷ್ಟು, ನೊಗಕ್ಕೆ ಹೆಗಲು ಕೊಡುವಾಗ ಒಂದು ಮತ್ತೊಂದಕ್ಕಿಂತ ಮುಂದಾಗುವುದೋ ಹೇಗೆ, ಗದ್ದಲಕ್ಕೆ ಬೆದರುವುದೋ ಇಲ್ಲವೋ ಎಂಬಿವನ್ನೆಲ್ಲ ಅವರು ಎದುರಾಳಿಯ ಕೊಟ್ಟಿಗೆಗೇ ಹೋಗಿ ನೋಡುತ್ತಾರೆ. ನೋಡಿ, ಚೆನ್ನಾಗಿದ್ದುದನ್ನು ಚೆನ್ನಾಗಿದೆ ಎಂದು ಒಡೆಯನ ಮುಂದೆಯೇ ಹೇಳಿ ಬರುತ್ತಾರೆ. ಖಿಲಾರಿಯ ಚುರುಕು, ಕೃಷ್ಣಾ ತೀರದ ತಳಿಯ ಎಳೆಯುವ ಬಲ, ಇವೆರಡರ ಅಂತರವನ್ನು ಅವರು ಬಲ್ಲುದು ತಮ್ಮ ಎತ್ತುಗಳನ್ನು ಸಾಕಿದುದರಿಂದ ಎಷ್ಟೋ, ಅನ್ಯರ ಎತ್ತುಗಳನ್ನು ಗೌರವದಿಂದ ದಿಟ್ಟಿಸಿದುದರಿಂದಲೂ ಅಷ್ಟೇ. ಎದುರಾಳಿಯ ಜೋಡಿಯನ್ನು ಹಗುರವಾಗಿ ಎಣಿಸಿ ಬಂದವನ ಗತಿ ಶರ್ಯತ್ತಿನ ದಿನ ಏನಾಗುವುದೆಂಬುದನ್ನೂ ಅವರು ಕಂಡವರು. ತಾನು ತೃಣವೆಂದು ಎಣಿಸಿದ ಗಾಡಿ ಕಣ್ಣೆದುರಿಗೇ ಮುಂದೆ ಹೋಗತೊಡಗಿದಾಗ ಅಂಥವನಿಗೆ ಅವಮಾನ ತಡೆಯಲಾಗದು. ಆ ಅವಮಾನವೆಲ್ಲ ಬಾರಕೋಲಿನ ಏಟಾಗಿ ಇಳಿಯುವುದು ಅವನದೇ ಎತ್ತಿನ ಬೆನ್ನಿನ ಮೇಲೆ. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಇಂಥ ಓಟಗಳನ್ನು ತಡೆದುದೂ, ಅವಕ್ಕೆ ಮತ್ತೆ ಅನುಮತಿಯಿತ್ತ ಕರ್ನಾಟಕದ ತಿದ್ದುಪಡಿ ಕಾಯಿದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತುದೂ, 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಆ ಕಾಯಿದೆಯನ್ನು ಎತ್ತಿಹಿಡಿದುದೂ ನಿಮಗೆ ಗೊತ್ತಿರುವ ಸಂಗತಿಗಳು. ಮೂಕಪ್ರಾಣಿಗೆ ಅನವಶ್ಯಕವಾದ ನೋವಾಗಕೂಡದೆಂಬ ಆ ಕಾಯಿದೆಯ ನಿರ್ಬಂಧವನ್ನು ಮನಃಪೂರ್ವಕವಾಗಿ ಪಾಲಿಸಬಲ್ಲವನು ಎದುರಾಳಿಯ ಬಲವನ್ನು ಮೊದಲೇ ಒಪ್ಪಿಕೊಂಡು ಕಣಕ್ಕೆ ಇಳಿದವನೇ ಎಂದು ನಾನು ತಿಳಿದಿದ್ದೇನೆ.

ನೀವು ಮೆಚ್ಚಿದ ಮೋಟಾರು ಓಟದ ಚರಿತ್ರೆಯೂ ಇದನ್ನೇ ಬೇರೊಂದು ರೀತಿಯಲ್ಲಿ ಹೇಳುತ್ತಿದೆ. 2008ರ ಋತು ಮುಗಿದಾಗ ತಂಡಗಳ ಪ್ರಶಸ್ತಿ ಫೆರಾರಿಯದು, ಚಾಲಕರ ಪ್ರಶಸ್ತಿ ಮೆಕ್‌ಲಾರೆನ್ನಿನ ಲೂಯಿಸ್ ಹ್ಯಾಮಿಲ್ಟನ್ನನದು. ಮುಂದಿನ ವರ್ಷವೂ ಇವೆರಡರ ನಡುವೆಯೇ ಸೆಣಸಾಟವೆಂದು ನಂಬಿದವರೇ ಬಹುಮಂದಿ. 2008ರ ಡಿಸೆಂಬರಿನಲ್ಲಿ, ಒಂಬತ್ತನೆಯ ಸ್ಥಾನದಲ್ಲಿ ಋತುವನ್ನು ಮುಗಿಸಿದ್ದ ಹೋಂಡಾ ಸಂಸ್ಥೆಯು ಜಗತ್ತಿನ ಆರ್ಥಿಕ ಮುಗ್ಗಟ್ಟಿನ ಕಾರಣದಿಂದ ಓಟದಿಂದ ಹಿಂದೆಗೆಯಿತು. ತಂಡವು ಉಳಿಯುವುದೋ ಅಳಿಯುವುದೋ ತಿಳಿಯದ ಆ ಚಳಿಗಾಲದ ತಿಂಗಳುಗಳಲ್ಲಿ ಅಲ್ಲಿಯ ಕೆಲಸಗಾರರು ಹೊಸ ಬಂಡಿಯ ನಿರ್ಮಾಣವನ್ನು ಬಿಡದೆ ನಡೆಸಿದರು. 2009ರ ಮಾರ್ಚಿಯಲ್ಲಿ ರಾಸ್ ಬ್ರಾನ್ ಎಂಬ ತಂತ್ರಜ್ಞನು ಆ ತಂಡವನ್ನು ವಹಿಸಿಕೊಂಡು ತನ್ನ ಹೆಸರನ್ನಿತ್ತನು. ಪ್ರಾಯೋಜಕರಿಲ್ಲದೆ ಬಹುತೇಕ ಬಿಳಿಯದಾಗಿಯೇ ಉಳಿದಿದ್ದ ಆ ಬಂಡಿ ಬಾರ್ಸಿಲೋನಾದ ಪರೀಕ್ಷಾ ಓಟದಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿದಾಗ, ಪ್ರಾಯೋಜಕರನ್ನು ಸೆಳೆಯುವುದಕ್ಕಾಗಿ ತೂಕವನ್ನು ಇಳಿಸಿ ಓಡಿಸುತ್ತಿರುವರೆಂದು ಶಂಕಿಸಿದವರುಂಟು. ಆ ವರ್ಷ ನಿಯಮಗಳು ಮೇಲುಕೆಳಗಾಗಿದ್ದವು. ಬಂಡಿಯ ಹಿಂಬದಿಯ ತಳದಲ್ಲಿ ಗಾಳಿಯನ್ನು ಹಾಯಿಸುವ ಡಿಫ್ಯೂಸರ್ ಎಂಬ ಭಾಗವನ್ನು ಇಮ್ಮಡಿಯಾಗಿ ರಚಿಸುವ ಉಪಾಯವು ಬ್ರಾನ್, ಟೊಯೊಟಾ, ವಿಲಿಯಮ್ಸ್ ತಂಡಗಳಿಗೆ ಮಾತ್ರ ಹೊಳೆದಿತ್ತು. ಮೆಲ್ಬರ್ನಿನ ಮೊದಲ ಓಟದಲ್ಲಿಯೇ ಜೆನ್ಸನ್ ಬಟನ್ ಮೊದಲಿಗನಾಗಿಯೂ ರುಬೆನ್ಸ್ ಬ್ಯಾರಿಕೆಲ್ಲೊ ಎರಡನೆಯವನಾಗಿಯೂ ಬಂದರು. ಮೊದಲ ಏಳು ಓಟಗಳಲ್ಲಿ ಆರು ಬಟನ್ನನ ಪಾಲಾದುವು. ವರ್ಷಾಂತ್ಯದಲ್ಲಿ ಎರಡೂ ಪ್ರಶಸ್ತಿಗಳು ಆ ತಂಡಕ್ಕೆ ಸಂದುವು. ಫೆರಾರಿಗೆ ದೊರೆತುದು ನಾಲ್ಕನೆಯ ಸ್ಥಾನ.

ಸರ್ಕಾರದ ದಾರಿ ಕಾಯದೆ ರೈತರೇ ಬೆವರು ಸುರಿಸಿ ಕೃಷ್ಣೆಗೆ ಅಡ್ಡಲಾಗಿ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಕಟ್ಟಿದ ಬ್ಯಾರೇಜಿನ ನೀರನ್ನು ಕುಡಿದು ಬೆಳೆದ ಸೀಮೆ ನಮ್ಮದು. ಶ್ರಮಬಿಂದು ಸಾಗರವೆಂಬ ಹೆಸರು ಅದಕ್ಕೆ ಸುಮ್ಮನೆ ಬಂದುದಲ್ಲ. ಆದುದರಿಂದ, ಒಡೆಯರು ಕೈಬಿಟ್ಟ ಕಾರ್ಖಾನೆಯೊಂದರಲ್ಲಿ ನಾಳೆಯ ಭರವಸೆಯಿಲ್ಲದೆ ದುಡಿದ ಆ ಅನ್ಯದೇಶದ ಕೆಲಸಗಾರರನ್ನು ನೀವು ಅರ್ಥಮಾಡಿಕೊಳ್ಳಬಲ್ಲಿರಿ. ಹಿಂದಿನ ವರ್ಷದ ಪಟ್ಟಿಯಲ್ಲಿ ಒಂಬತ್ತನೆಯವರಾಗಿದ್ದವರನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವ ಮುನ್ನ, ಈ ಹೊತ್ತಿನಲ್ಲಿ ಅವರ ಕೈಗಳು ಏನನ್ನು ಕಟ್ಟುತ್ತಿವೆಯೆಂದು ಒಮ್ಮೆ ವಿಚಾರಿಸುವುದು ನಮ್ಮವರಿಗೆ ತಕ್ಕ ನಡತೆ.

ಪರೀಕ್ಷಾ ಓಟದ ಅಂಕಿಗಳನ್ನು ಹಿಡಿದುಕೊಂಡು ತೀರ್ಪು ಕೊಡುವ ಗೆಳೆಯರಿಗೂ ಒಂದು ಮಾತು ಹೇಳಬೇಕಾಗಿದೆ. 2019ರಲ್ಲಿ ಬಾರ್ಸಿಲೋನಾದ ಪರೀಕ್ಷೆಗಳು ಮುಗಿದಾಗ ಫೆರಾರಿಯ ಸೆಬಾಸ್ಟಿಯನ್ ವೆಟೆಲ್, ಮರ್ಸಿಡಿಸ್ಸಿನ ಹ್ಯಾಮಿಲ್ಟನ್ನನಿಗಿಂತ ಸೆಕೆಂಡಿನ ಸಾವಿರದಲ್ಲಿ 3 ಪಾಲಿನಷ್ಟು ಮುಂದಿದ್ದನು. ಆ ವರ್ಷ ಫೆರಾರಿಯದೇ ಎಂಬ ಮಾತು ಎಲ್ಲೆಡೆಯೂ ಹಬ್ಬಿತು. ಋತು ಆರಂಭವಾದ ಮೇಲೆ ಮೊದಲ ಐದು ಓಟಗಳಲ್ಲಿ ಮೊದಲ ಎರಡು ಸ್ಥಾನಗಳನ್ನೂ ಮರ್ಸಿಡಿಸ್ ಪಡೆಯಿತು. ಮೊದಲ ಎಂಟು ಓಟಗಳ ಗೆಲುವುಗಳೆಲ್ಲವೂ ಅದರವೇ ಆದುವು. ಪರೀಕ್ಷೆಯ ದಿನ ಯಾವ ತಂಡ ಎಷ್ಟು ಇಂಧನವನ್ನು ಹೊತ್ತು ಓಡಿತೆಂಬುದು ಹೊರಗಿನವರಿಗೆ ತಿಳಿಯದು. ಹತ್ತು ಕಿಲೋ ಇಂಧನ ಹೆಚ್ಚಾದರೆ ಒಂದು ಸುತ್ತಿಗೆ ಸುಮಾರು 0.3 ಸೆಕೆಂಡಿನಷ್ಟು ವಿಳಂಬವಾಗುವುದೆಂದು ಬಲ್ಲವರು ಲೆಕ್ಕ ಹಾಕುತ್ತಾರೆ. ಟೈರಿನ ಜಾತಿ ಬೇರೆ, ಹೊತ್ತು ಬೇರೆ, ಎಂಜಿನ್ನನ್ನು ಎಷ್ಟು ಬಿಗಿದು ಓಡಿಸಿದರೆಂಬುದು ಬೇರೆ. ಬಲವನ್ನು ಬೇಕೆಂದೇ ಬಚ್ಚಿಡುವವರೂ ಉಂಟು. ಹಾಗಿರುವಾಗ ಅತಿ ವೇಗದ ಸುತ್ತೊಂದನ್ನೇ ನೋಡಿ ಎದುರಾಳಿಯ ಕಥೆ ಮುಗಿಯಿತೆನ್ನುವುದು ವಿವೇಕವೆನಿಸದು. ಒಂದೇ ಬಗೆಯ ಟೈರಿನ ಮೇಲೆ ಹತ್ತಾರು ಸುತ್ತುಗಳನ್ನು ಬಂಡಿಯೊಂದು ಹೇಗೆ ಸಮನಾಗಿ ಓಡಿತೆಂಬುದನ್ನು ನೋಡುವುದು ಮೇಲು.

ನಮ್ಮ ನಾಡಿಗೆ ಸಂಬಂಧಪಟ್ಟ ತಂಡವೊಂದರ ಕಥೆಯನ್ನು ನಿಮ್ಮಲ್ಲಿ ಕಿರಿಯರು ಕೇಳಿರಲಾರರು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರು 2007ರಲ್ಲಿ ಸ್ಪೈಕರ್ ಎಂಬ ತಂಡವನ್ನು ಪಾಲುದಾರರೊಬ್ಬರೊಡನೆ ಕೊಂಡು ಫೋರ್ಸ್ ಇಂಡಿಯಾ ಎಂಬ ಹೆಸರಿನಿಂದ ಓಟಕ್ಕಿಳಿಸಿದರು. 2008ರ ಇಡೀ ಋತುವಿನಲ್ಲಿ ಆ ತಂಡಕ್ಕೆ ಒಂದು ಅಂಕವೂ ದೊರೆಯಲಿಲ್ಲ. 2009ರ ಆಗಸ್ಟ್ ತಿಂಗಳವರೆಗೂ ಸ್ಥಿತಿ ಬದಲಾಗಲಿಲ್ಲ. ಅಂಥ ತಂಡದ ಬಂಡಿಯನ್ನು ಆಗಸ್ಟ್ 30ರಂದು ಬೆಲ್ಜಿಯಮ್ಮಿನ ಸ್ಪಾ ಪಥದಲ್ಲಿ ಜಿಯಾಂಕಾರ್ಲೊ ಫಿಸಿಕೆಲ್ಲಾ ಎಲ್ಲರಿಗಿಂತ ಮುಂದಿನ ಸ್ಥಾನದಿಂದ, ಅಂದರೆ ಪೋಲ್ ಪೊಸಿಷನ್ನಿನಿಂದ ಹೊರಡಿಸಿ, ಫೆರಾರಿಯ ಕಿಮಿ ರೈಕೊನನ್ ಹಿಂದೆ ಕೇವಲ ಒಂದು ಸೆಕೆಂಡಿನೊಳಗಿನ ಅಂತರದಲ್ಲಿ ಎರಡನೆಯವನಾಗಿ ಗುರಿ ಮುಟ್ಟಿದನು. ಋತುವಿನ ಮುನ್ನ ಇದನ್ನು ನುಡಿದವರು ಯಾರಿದ್ದರು? ಆದರೂ ಕಾರಣಗಳು ಗುಪ್ತವಾಗಿರಲಿಲ್ಲ. ಗಾಳಿಯ ತಡೆ ಕಡಮೆಯಾಗುವಂತೆ ರೂಪಿಸಿದ ಆ ಬಂಡಿಗೆ ಉದ್ದುದ್ದನೆಯ ನೇರ ದಾರಿಗಳಿರುವ ಪಥ ಒಗ್ಗುವುದು ಸಹಜವೇ ಆಗಿತ್ತು. ಮುಂದಿನ ಓಟದಲ್ಲಿ, ಅಂಥದೇ ಪಥವಾದ ಇಟಲಿಯ ಮೊನ್ಜಾದಲ್ಲಿ, ಏಡ್ರಿಯನ್ ಸುಟಿಲ್ ಅದೇ ತಂಡಕ್ಕಾಗಿ ನಾಲ್ಕನೆಯವನಾಗಿ ಬಂದುದು ಇದಕ್ಕೆ ಪ್ರಮಾಣ. ಸ್ಪಾದ ಓಟದ ಬಳಿಕ ಕೆಲವೇ ದಿನಗಳಲ್ಲಿ ಫಿಸಿಕೆಲ್ಲಾನನ್ನು ಫೆರಾರಿ ತಂಡವು ತನ್ನಲ್ಲಿಗೆ ಕರೆಸಿಕೊಂಡಿತು. ಉಳಿದ ಓಟಗಳಲ್ಲಿ ಅಲ್ಲಿ ಅವನಿಗೆ ಒಂದು ಅಂಕವೂ ಒದಗಲಿಲ್ಲ. ದೊಡ್ಡ ಹೆಸರಿನ ಬಂಡಿಗಿಂತ ಸಣ್ಣ ಹೆಸರಿನ ಬಂಡಿ ಆ ಚಾಲಕನಿಗೆ ಹೆಚ್ಚು ಒಲಿದಿತ್ತು. ಕಡೆಯ ಸಾಲಿನ ತಂಡವೆಂದು ನೀವು ಮುಖ ತಿರುಗಿಸುವಾಗ ಯಾವ ಪಥದಲ್ಲಿ, ಯಾವ ಹವೆಯಲ್ಲಿ, ಯಾವ ಚಾಲಕನ ಕೈಯಲ್ಲಿ ಅದು ಏನಾಗಬಹುದೆಂಬ ವಿಚಾರವನ್ನೂ ಕೈಬಿಡುತ್ತೀರಿ. ನನಗೆ ವ್ಯಥೆಯಾಗುವುದು ಈ ನಷ್ಟಕ್ಕಾಗಿ.

ಆ ತಂಡವು 2016, 2017ರಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿ, 2018ರಲ್ಲಿ ಹಣಕಾಸಿನ ತೊಡಕಿಗೆ ಸಿಲುಕಿ ಅನ್ಯರ ಕೈಸೇರಿತು. ಅದರ ವಂಶದ್ದೇ ಆದ ಆಸ್ಟನ್ ಮಾರ್ಟಿನ್ ತಂಡ ಈಗ ಓಡುತ್ತಿದೆ. 2022ರಲ್ಲಿ ಏಳನೆಯದಾಗಿದ್ದ ಆ ತಂಡಕ್ಕಾಗಿ 2023ರ ಮೊದಲ ಎಂಟು ಓಟಗಳಲ್ಲಿ ಆರು ಸಲ ಫರ್ನಾಂಡೊ ಅಲೊನ್ಸೊ ಮೊದಲ ಮೂವರಲ್ಲೊಬ್ಬನಾಗಿ ನಿಂತನು. ಅದೇ ಋತುವಿನ ಮೊದಲ ಎರಡು ಓಟಗಳಲ್ಲಿ ಒಂದು ಅಂಕವನ್ನೂ ಕಾಣದಿದ್ದ ಮೆಕ್‌ಲಾರೆನ್, ಬೇಸಗೆಯ ನಡುವೆ ಬಂಡಿಯನ್ನು ತಿದ್ದಿಕೊಂಡು ಮೇಲೇರಿ, 1998ರ ಬಳಿಕ ಮೊದಲ ಸಲ 2024ರಲ್ಲಿ ತಂಡಗಳ ಪ್ರಶಸ್ತಿಯನ್ನು ಗಳಿಸಿತು. 2025ರಲ್ಲಿ ಅದನ್ನು ಉಳಿಸಿಕೊಂಡಿತು, ಜೊತೆಗೆ ಅದರ ಚಾಲಕ ಲ್ಯಾಂಡೊ ನೊರಿಸ್ ಕೇವಲ 2 ಅಂಕಗಳಿಂದ ಮ್ಯಾಕ್ಸ್ ವರ್ಸ್ಟಾಪನ್ನನನ್ನು ಹಿಂದಿಕ್ಕಿ ಚಾಲಕರಲ್ಲಿ ಅಗ್ರಗಣ್ಯನಾದನು.

ಇವೆಲ್ಲ ಸಂತೋಷದ ಕಥೆಗಳು. ಸಂತೋಷವಲ್ಲದ ಒಂದನ್ನೂ ನೆನಪಿಗೆ ತರಬೇಕಾಗಿದೆ. 2021ರ ಡಿಸೆಂಬರ್ 12ರಂದು ಅಬುಧಾಬಿಯಲ್ಲಿ, ಪ್ರಶಸ್ತಿಗಾಗಿ ಹ್ಯಾಮಿಲ್ಟನ್ ಹಾಗೂ ವರ್ಸ್ಟಾಪನ್ ಸಮಾನ ಅಂಕಗಳಿಂದ ಸೆಣಸುತ್ತಿದ್ದ ಅಂತಿಮ ಓಟದ ಕೊನೆಯ ಸುತ್ತುಗಳಲ್ಲಿ, ವಿಲಿಯಮ್ಸ್ ತಂಡದ ನಿಕೊಲಸ್ ಲತಿಫಿಯ ಬಂಡಿ ಗೋಡೆಗೆ ಬಡಿಯಿತು. ಸುರಕ್ಷತೆಯ ಬಂಡಿ ಪಥಕ್ಕೆ ಬಂದುದರಿಂದ ಓಟಗಾರರ ನಡುವಣ ಅಂತರ ಅಳಿಸಿತು. ಕೊನೆಯ ಸುತ್ತಿನಲ್ಲಿ ವರ್ಸ್ಟಾಪನ್ ಮುಂದಾದನು. ಪ್ರಶಸ್ತಿಯ ಸೆಣಸಾಟಕ್ಕೆ ಸಂಬಂಧವೇ ಇಲ್ಲದ ಆ ತರುಣ ಲತಿಫಿಗೆ ಬಳಿಕ ಪ್ರಾಣಬೆದರಿಕೆಗಳು ಬಂದುವು. ಅದನ್ನು ಆತನೇ ಬಹಿರಂಗವಾಗಿ ಹೇಳಬೇಕಾಯಿತು. ಅವನ್ನು ಬರೆದವರು ಹುಟ್ಟು ದುಷ್ಟರೆಂದು ನಾನು ನಂಬಲಾರೆ. ವರ್ಷಾರಂಭದಿಂದಲೂ ತಮ್ಮವನು ಗೆದ್ದೇ ತೀರುವನು, ಎದುರಾಳಿ ಗೆದ್ದರೆ ಅದು ಮೋಸವೇ ಸರಿ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಬಂದವರಿಗೆ, ನುಡಿದುದು ಸುಳ್ಳಾದ ದಿನ ಹೊಣೆಗಾರನೊಬ್ಬ ಬೇಕಾಗುತ್ತಾನೆ. ಬಾರಕೋಲಿನ ಏಟು ಎತ್ತಿನ ಬೆನ್ನಿಗೆ ಬೀಳುವ ಬಗೆ ಇದೇ.

ಇಂಥ ಭವಿಷ್ಯದ ಮೇಲೆ ಹಣವನ್ನು ಒಡ್ಡುವ ಚಟದ ಬಗೆಗೆ ಹೆಚ್ಚು ಬರೆಯಲಾರೆ. ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ 2025ರ ಆಗಸ್ಟಿನಲ್ಲಿಯೇ ಬಂದಿದೆ. ಕಬ್ಬಿನ ಬಿಲ್ಲಿನ ಹಣವನ್ನು ಕಾಣದ ದೇಶದ ಬಂಡಿಯೊಂದರ ಮೇಲೆ ಹೂಡಿದವನ ನುಡಿಯಲ್ಲಿ ಪ್ರಾಮಾಣಿಕತೆಗೆ ಎಡೆಯಿರದು, ಮನೆಯಲ್ಲಿ ನೆಮ್ಮದಿಗೂ ಎಡೆಯಿರದು.

ನಮ್ಮ ಜಾತ್ರೆಗಳಲ್ಲಿ ಟ್ರೇಲರ್ ಸಹಿತವಾಗಿ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸುವ ಪಂದ್ಯ ನಡೆದಾಗ ನಿಮ್ಮ ವರ್ತನೆ ಎಷ್ಟು ಸುಂದರವಾಗಿರುತ್ತದೆ! ಸ್ಟಿಯರಿಂಗನ್ನು ಬಲಕ್ಕೆ ತಿರುವಿದರೆ ಟ್ರೇಲರ್ ಎಡಕ್ಕೆ ಹೋಗುವ ಆ ಕಷ್ಟವನ್ನು ಸ್ವತಃ ಬಲ್ಲವರಾದುದರಿಂದ, ಪರವೂರಿನ ಹುಡುಗನು ಗೆರೆ ತಪ್ಪದೆ ಸಾಗಿದರೆ ನಿಮ್ಮ ಕೈಗಳು ತಾವಾಗಿಯೇ ಚಪ್ಪಾಳೆಗೆ ಏಳುತ್ತವೆ. ಕಸುಬಿನ ಕಷ್ಟವನ್ನು ಅರಿತ ಕಡೆ ಎದುರಾಳಿಯ ಮೇಲಣ ತಿರಸ್ಕಾರಕ್ಕೆ ಜಾಗವಿರುವುದಿಲ್ಲ. ಮೋಟಾರು ಓಟದಲ್ಲಿಯೂ ಆ ಅರಿವಿನಿಂದಲೇ ನೀವು ಮಾತಾಡಬೇಕೆಂಬುದು ನನ್ನ ಆಶಯ.

ಈ ವರ್ಷ ಭವಿಷ್ಯ ನುಡಿಯುವುದು ಎಂದಿಗಿಂತಲೂ ಕಠಿನ. ಶಕ್ತಿಯ ಸರಿಸುಮಾರು ಅರ್ಧದಷ್ಟು ವಿದ್ಯುತ್ತಿನಿಂದ ಬರುವಂತೆ ಎಂಜಿನ್ನಿನ ನಿಯಮಗಳು ಬದಲಾಗಿವೆ. ಮುಂದಿನ ಹಿಂದಿನ ರೆಕ್ಕೆಗಳೆರಡೂ ಓಟದಲ್ಲಿಯೇ ತಮ್ಮ ಬಾಗನ್ನು ಬದಲಿಸಬಲ್ಲವು. ಸೌಬರ್ ತಂಡವು ಔಡಿಯಾಗಿದೆ, ಕ್ಯಾಡಿಲಾಕ್ ಹನ್ನೊಂದನೆಯ ತಂಡವಾಗಿ ಹೊಸದಾಗಿ ಸೇರಿದೆ. ಆದುದರಿಂದ ನನ್ನದೊಂದು ಬಿನ್ನಹ. ಮೆಲ್ಬರ್ನಿನ ಓಟಕ್ಕೆ ಮುನ್ನ ನಿಮ್ಮ ನಿಮ್ಮ ಊರಿನಲ್ಲಿ ಒಂದು ವಹಿಯನ್ನು ಇಡಿರಿ. ಅದರಲ್ಲಿ ಪ್ರತಿಯೊಬ್ಬರೂ ಮೊದಲು ಬರೆಯಬೇಕಾದುದು ತಾವು ಎಳ್ಳಷ್ಟೂ ಮೆಚ್ಚದ ತಂಡದ ಬಗೆಗೆ: ಅದರ ಬಲವೇನು, ಅದು ಯಾವ ಪಥದಲ್ಲಿ ಗೆಲ್ಲಬಹುದು, ಏಕೆ ಗೆಲ್ಲಬಹುದು ಎಂಬುದನ್ನು ಆ ತಂಡದ ಅಭಿಮಾನಿಯೇ ಓದಿ ಒಪ್ಪುವಂತೆ ಬರೆಯಬೇಕು. ತಮ್ಮ ತಂಡದ ಮಾತು ಅದರ ಕೆಳಗೆ. ಹೆಸರು, ತಾರೀಖು ಹಾಕಿ ಮುಚ್ಚಿಟ್ಟು, ಡಿಸೆಂಬರಿನಲ್ಲಿ ಎಲ್ಲರೂ ಕೂಡಿ ತೆರೆಯಿರಿ. ಎದುರಾಳಿಯನ್ನು ಎಲ್ಲರಿಗಿಂತ ಸರಿಯಾಗಿ ಕಂಡವರನ್ನು ಸನ್ಮಾನಿಸಿರಿ.

ಫೋರ್ಸ್ ಇಂಡಿಯಾದ ಕಾಲದಿಂದಲೂ ನನ್ನ ಪ್ರೀತಿ ಆ ವಂಶದ ತಂಡದ ಮೇಲೆಯೇ ಇದೆಯೆಂಬುದು ನನ್ನನ್ನು ಬಲ್ಲವರಿಗೆ ಗೊತ್ತು. ಆದುದರಿಂದ ಆ ವಹಿಯ ಮೊದಲ ಪುಟಕ್ಕೆ ನನ್ನ ಬರಹ ಹೀಗಿರಲಿ: ಈ ವರ್ಷ ಮುಂದೆ ನಿಲ್ಲಬಹುದಾದುದು ಮರ್ಸಿಡಿಸ್ ತಂಡ. 2014ರಲ್ಲಿ ಎಂಜಿನ್ನಿನ ನಿಯಮಗಳು ಇದೇ ರೀತಿ ಬದಲಾದಾಗ 19 ಓಟಗಳಲ್ಲಿ 16ನ್ನು ಗೆದ್ದ ಅನುಭವ ಅವರಿಗಿದೆ. ಅವರ ಎಂಜಿನ್ನು ಮೆಕ್‌ಲಾರೆನ್, ವಿಲಿಯಮ್ಸ್, ಆಲ್ಪೀನ್ ತಂಡಗಳಿಗೂ ಹೋಗುವುದರಿಂದ ದೋಷಗಳನ್ನು ಅರಿತು ತಿದ್ದಿಕೊಳ್ಳಲು ಅವರಿಗೆ ಇತರರಿಗಿಂತ ಹೆಚ್ಚು ಅವಕಾಶವುಂಟು. ಬಂಡಿಯ ವಿನ್ಯಾಸಕ ಏಡ್ರಿಯನ್ ನ್ಯೂಯಿಯವರ ಕೈಚಳಕವೂ ಹೋಂಡಾದ ಹೊಸ ಎಂಜಿನ್ನೂ ಒಂದಕ್ಕೊಂದು ಹೊಂದಿಕೊಳ್ಳುವವರೆಗೆ ನಮ್ಮ ಆಸ್ಟನ್ ಮಾರ್ಟಿನ್ ತಂಡವು ಅವರನ್ನು ಹಿಂದಿಕ್ಕುವುದು ಕಷ್ಟ. ಮರ್ಸಿಡಿಸ್ಸನ್ನು ಮೆಚ್ಚಿದವರು ಈಗ ನಮ್ಮ ತಂಡದ ಬಗೆಗೆ ಬರೆಯಲಿ.

ಇತಿ ನಿಮ್ಮ ಹಿತೈಷಿ,
ಸಾವಳಗಿಯ ಓಟಪ್ರಿಯನೊಬ್ಬ